ಆ ಕೊನೆಯ ಪ್ಯಾರಾ ಹೊಡೆದುಹಾಕು

ಕುಮಟಾ

ಪ್ರೀತಿಯ ಕೂಸೇ,

ಬಟ್ಟೆಬರೆ, ಸಿಂಗಾರದ ಬಗ್ಗೆ ನೀನು ಬರೆದ ಲೇಖನಗಳ ಕಟ್ಟು ಮುಂಬೈಯಿಂದ ಬಂತು. ಕೊರಿಯರ್‌ನವನು ಮನೆತನಕ ಬರುವ ಉಸಾಬರಿಗೆ ಹೋಗದೆ ಪೇಟೆಯ ಔಷಧಿ ಅಂಗಡಿಯಲ್ಲಿ ಇಟ್ಟುಹೋಗಿದ್ದ. ಗುಳಿಗೆ ತರಲು ಹೋದವಳು ನಿನ್ನನ್ನೂ ಎತ್ತಿಕೊಂಡು ಬಂದೆ. ಎಲ್ಲವನ್ನೂ ಓದಿದ್ದೇನೆ.

ಪ್ರಕಾಶಕರನ್ನು ಹಿಡಿಯುವುದು ಹೇಗೆ, ಪುಸ್ತಕಕ್ಕೆ ಎಷ್ಟು ಪುಟ ಬೇಕು, ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದನ್ನು ಪುಸ್ತಕಕ್ಕೆ ಸೇರಿಸಬಹುದೇ ಎಂದೆಲ್ಲ ಕೇಳಿದ್ದೀಯ. ಅದನ್ನು ನಿನ್ನ ವಯಸ್ಸಿನವರ ಹತ್ತಿರ ಕೇಳು, ಅವರಿಗೆ ಗೊತ್ತಿರುತ್ತದೆ. ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದು ಬರೆಯಬೇಕು ಎಂಬುದಕ್ಕೂ ನನ್ನ ಹತ್ತಿರ ಮದ್ದಿಲ್ಲ. ಎಚ್ಚರವಾದಾಗ ಏಳು.

ನಾನು ಉತ್ತರಿಸುತ್ತಿರುವುದು ಪತ್ರದ ಅಡಿಯಲ್ಲಿ ನೀನು ಸಣ್ಣ ಅಕ್ಷರದಲ್ಲಿ ಬರೆದ ಸಾಲಿಗೆ: ‘ಇದನ್ನೆಲ್ಲ ಬಿಟ್ಟು ಏನಾದರೂ ಗಂಭೀರವಾದದ್ದು ಬರೆಯಲಾ?’ ಊರಿಗೆ ಬಂದಾಗ ನಿನ್ನ ದೊಡ್ಡಪ್ಪ ಎಲ್ಲರೆದುರು ‘ಬಟ್ಟೆ ಬಗ್ಗೆ ಬರೆಯೂದಕ್ಕೂ ಸಂಬಳ ಕೊಡ್ತಾರನೇ?’ ಎಂದು ನಕ್ಕರಂತೆ, ನೀನು ಎದ್ದು ಹಿತ್ತಲಿಗೆ ಹೋದೆಯಂತೆ. ಓದಿ ನನಗೆ ಸಿಟ್ಟು ಬಂತು. ದೊಡ್ಡಪ್ಪನ ಮೇಲೆ ಸ್ವಲ್ಪ, ನಿನ್ನ ಮೇಲೆ ಜಾಸ್ತಿ. ‘ಹೌದು ದೊಡ್ಡಪ್ಪ, ಕೊಡ್ತಾರೆ’ ಎಂದು ಮೊತ್ತವನ್ನೂ ಹೇಳಿ, ಅವರ ಎಲೆಯಡಿಕೆ ಹರಿವಾಣದಿಂದಲೇ ಒಂದು ಕವಳ ತೆಗೆದು ಬಾಯಿಗೆ ಹಾಕಿಕೊಂಡು ಅಲ್ಲೇ ಕೂರಬಾರದಿತ್ತೇ?

ಹಿತ್ತಲಿಗೆ ಹೋದ ಆ ಹುಡುಗಿಯೇ ನಿನ್ನ ಲೇಖನಗಳ ಕೊನೆಯಲ್ಲೂ ಬಂದು ನಿಲ್ಲುತ್ತಾಳೆ. ನನ್ನ ತಕರಾರು ಇರುವುದು ಅದರ ಬಗ್ಗೆಯೇ.

ಬಾಂದ್ರಾದ ಹಿಲ್ ರೋಡಿನಲ್ಲಿ ಕೊಂಡ ಹಳದಿ ಟಾಪ್‌ನ ಲೇಖನವನ್ನೇ ತೆಗೆದುಕೋ. ಕಟ್ಟಿನಲ್ಲಿ ಅದೇ ಒಳ್ಳೆಯದು. ‘ಎಕ್ಸ್‌ಪೋರ್ಟ್ ಮಾಲು’ ಎಂದು ಅಂಗಡಿಯವನು ಆಣೆ ಹಾಕಿದ್ದು, ಕತ್ತಿನ ಲೇಬಲ್ಲನ್ನು ಅರ್ಧಕ್ಕೆ ಕತ್ತರಿಸಿದ್ದು, ನೀನು ಒಳಮೈ ಮಗುಚಿ ಹೊಲಿಗೆ ನೋಡಿದ್ದು, ಕಂಕುಳ ಹತ್ತಿರ ನೂಲು ಬಿಟ್ಟದ್ದನ್ನು ತೋರಿಸಿ 350 ಹೇಳಿದ್ದನ್ನು 300ಕ್ಕೆ ಇಳಿಸಿದ್ದು. ಆಮೇಲೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಮನೆ ಮುಟ್ಟುವವರೆಗೂ ತಡೆಯಲಾರದೆ ಅದನ್ನು ಚೀಲದಿಂದ ತೆಗೆದೆ. ಎದುರಿಗೆ ಬಟಾಣಿ ಸುಲಿಯುತ್ತ ಕೂತಿದ್ದ ಗುರುತಿಲ್ಲದ ಹೆಂಗಸು ಕೈ ಒರೆಸಿಕೊಂಡು ಬಟ್ಟೆ ಮುಟ್ಟಿ ನೋಡಿ ‘ಕಿತ್ನೇ ಕಾ?’ ಎಂದಳು. ಆ ಕೈ ಒರೆಸಿಕೊಂಡದ್ದನ್ನು ನೀನು ಕಂಡೆಯಲ್ಲ, ಅದಕ್ಕೆ ನಾನು ನಿನ್ನನ್ನು ಬರಹಗಾರ್ತಿ ಅನ್ನುವುದು. ಅಲ್ಲಿಗೆ ಮುಗಿಸಬೇಕಿತ್ತು. ಮುಗಿಸಲಿಲ್ಲ. ‘ಆದರೆ ದೇಶದಲ್ಲಿ ಇಷ್ಟೊಂದು ಜನ ಹಸಿದಿರುವಾಗ ಒಂದು ಟಾಪ್‌ಗಾಗಿ ಇಷ್ಟು ಸಂಭ್ರಮವೇ’ ಎಂದು ಒಂದು ಪ್ಯಾರಾ. ಪಾಯಸದ ತನಕ ಉಂಡು ಬಾಳೆ ಎತ್ತುವ ಹೊತ್ತಿಗೆ ಉಪವಾಸದ ಮಹಿಮೆ ಹೇಳಿದ ಹಾಗೆ.

ಕೋಲ್ಡ್‌ಪ್ಲೇ ಬ್ಯಾಂಡಿನ ಸಂಗೀತ ಕಾರ್ಯಕ್ರಮದ ಲೇಖನದಲ್ಲೂ ಅದೇ. 2025ರ ಜನವರಿ, ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣ. ವಾರಗಟ್ಟಲೆ ಯೋಚಿಸಿ ಹಾಕಿಕೊಂಡು ಹೋದ ಮಿಣಮಿಣ ಜಾಕೆಟ್ಟನ್ನು ಆ ಕತ್ತಲಲ್ಲಿ ಯಾರೂ ನೋಡುತ್ತಿಲ್ಲ ಎಂಬ ಬೇಜಾರು ನಿನಗೆ. ಅಷ್ಟರಲ್ಲಿ ಸಾವಿರಾರು ಜನರ ಕೈಗೆ ಕಟ್ಟಿದ್ದ ಬೆಳಕಿನ ಪಟ್ಟಿಗಳು ಒಮ್ಮೆಗೇ ಹೊತ್ತಿಕೊಂಡು ನಿನ್ನ ತೋಳೆಲ್ಲ ಹೊಳೆಯಿತು. ಈ ವಯಸ್ಸಿನಲ್ಲಿ ನನಗೂ ಅಲ್ಲಿರಬೇಕಿತ್ತು ಅನ್ನಿಸಿತು. ತಕ್ಷಣ ಇದಕ್ಕೆಲ್ಲ ಎಷ್ಟು ಕಾರ್ಬನ್ ಗಾಳಿಗೆ ಸೇರಿತು ಎಂದು ಎರಡು ಪ್ಯಾರಾ. ಆ ವಿಷಯ ನಿನಗೆ ನಿಜಕ್ಕೂ ಸುಡುತ್ತಿದ್ದರೆ ಅದಕ್ಕೊಂದು ಬೇರೆ ಲೇಖನ ಬರೆ, ಓದುತ್ತೇನೆ. ಇಲ್ಲಿ ಅದು ದೊಡ್ಡಪ್ಪನಿಗೆ ಕೊಟ್ಟ ಸಮಜಾಯಿಷಿ, ಅಷ್ಟೇ.

ನನ್ನ ಅಮ್ಮ ಟ್ರಂಕಿನಲ್ಲಿ ಮುಖಕ್ಕೆ ಹಚ್ಚುವ ಅಫ್ಘಾನ್ ಸ್ನೋ ಕ್ರೀಮಿನ ಡಬ್ಬಿ ಇಟ್ಟಿದ್ದಳು. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾಗುವ ಎಷ್ಟೋ ಮೊದಲಿನ ಮಾತು. ಮುಂಬೈಯಿಂದ ಯಾರಾದರೂ ಬಂದರೆ ಅದೊಂದು ಡಬ್ಬಿ ಬರುತ್ತಿತ್ತು. ಮದುವೆಮನೆಗೆ ಹೊರಡುವಾಗ ಬಾಗಿಲು ಮುಂದೆ ಮಾಡಿಕೊಂಡು ಹಚ್ಚುತ್ತಿದ್ದಳು. ಅಜ್ಜಿ ಕಂಡರೆ ‘ಬಿಸಿಲಿಗೆ ಮುಖ ಉರಿತದೆ, ಅದಕ್ಕೆ’ ಎನ್ನುತ್ತಿದ್ದಳು. ಮಳೆಗಾಲದಲ್ಲೂ ಅದೇ ಉತ್ತರ. ನಿನ್ನ ಕೊನೆಯ ಪ್ಯಾರಾಗಳಲ್ಲಿ ನನಗೆ ಆ ಸುಳ್ಳೇ ಕೇಳಿಸಿತು. ಅಮ್ಮನಿಗೆ ಹಾಗೆ ಹೇಳದೆ ಗತಿ ಇರಲಿಲ್ಲ, ಆ ಮನೆಯಲ್ಲೇ ಬಾಳಬೇಕಿತ್ತು. ನಿನಗೆಂತ ಆಗಿದೆ? ಬಾಡಿಗೆ ನೀನೇ ಕಟ್ಟುತ್ತೀಯ, ಬಾಗಿಲ ಚಿಲಕ ನಿನ್ನದು.

ಅಲಂಕಾರದ ಖುಷಿ ಏನೋ ಮುಂಬೈಯ ರೋಗ, ನಮ್ಮ ಕಡೆ ಎಲ್ಲರೂ ಬೋಳು ಕೊರಳಿನ ಸಂತರು ಎಂಬ ಧಾಟಿ ನಿನ್ನ ಬರಹದಲ್ಲಿ ಅಲ್ಲಲ್ಲಿ ಇಣುಕುತ್ತದೆ. ಇದನ್ನು ಯಾರು ಕಲಿಸಿದರು? 2021ರ ನವೆಂಬರ್‌ನಲ್ಲಿ ನಿಮ್ಮ ಅಂಕೋಲೆ ಕಡೆಯ ಹೊನ್ನಳ್ಳಿಯ, ಗಿಡಮರ ಬೆಳೆಸಿ ಹೆಸರಾದ ತುಳಸಿ ಗೌಡರು ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಹೋದ ಚಿತ್ರವನ್ನು ಊರೆಲ್ಲ ನೋಡಿತು. ಎಲ್ಲಿ ನೋಡಿದರೂ ‘ಸರಳತೆ, ಸರಳತೆ’. ನೀನೂ ಅದನ್ನೇ ಬರೆದಿದ್ದೀಯ, ಅಂಕೋಲೆಯಲ್ಲಿ ಹುಟ್ಟಿದವಳು! ಕಾಲು ಮಾತ್ರ ನೋಡಿದರೆ ಹೇಗೆ, ಕೊರಳು ನೋಡು. ಅವರ ಹಾಲಕ್ಕಿ ಸಮುದಾಯದ ಹೆಂಗಸರು ಕೊರಳು ತುಂಬ ಸಾಲುಸಾಲಾಗಿ ಹಾಕುವ ಮಣಿಸರ, ಹೆಗಲಿಗೆ ಗಂಟು ಹಾಕಿ ಉಡುವ ಸೀರೆ, ಕೈತುಂಬ ಬಳೆ: ಇದು ಸರಳತೆ ಅಲ್ಲ ಮಾರಾಯ್ತಿ, ಪೂರ್ತಿ ಸಿಂಗಾರ. ದಿಲ್ಲಿಗೆ ಹೊರಟವರು ತಮ್ಮ ಕಡೆಯ ಸಿಂಗಾರ ಮಾಡಿಕೊಂಡೇ ಹೊರಟಿದ್ದರು. ಸುಗ್ಗಿಗೆ ಅವರ ಗಂಡಸರು ತಲೆಗೆ ಕಟ್ಟುವ ತುರಾಯಿ ಕಂಡಿದ್ದೀಯಲ್ಲ? ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ನಡೆಯುವ ಬಿಡ್ಕಿಬೈಲಿನ ಬಳೆ ಅಂಗಡಿಯೆದುರು ಕೈ ನೀಡಿ ನಿಂತ ಹೆಂಗಸರ ಮುಖದಲ್ಲಿ ಹಸಿದವರ ನೆನಪಾಗಿ ಯಾರಿಗೂ ಅಳು ಬಂದದ್ದನ್ನು ನಾನು ನೋಡಿಲ್ಲ. ಅವರಲ್ಲಿ ಎಷ್ಟೋ ಜನ ಆ ದಿನವೂ ಅರೆಹೊಟ್ಟೆಯಲ್ಲೇ ಬಂದವರು.

ಇಷ್ಟು ಯಾಕೆ ಕೂಗಾಡುತ್ತಿದ್ದೇನೆ ಎಂದರೆ ನನ್ನದೊಂದು ಹಳೆಯ ಗಾಯವಿದೆ. ಯಕ್ಷಗಾನದ ಕೆರೆಮನೆ ಶಂಭು ಹೆಗಡೆಯವರು ರಂಗದ ಮೇಲಿದ್ದ ಕಾಲ. ಆಟಕ್ಕೆ ಹೋದರೆ ನನ್ನ ಕಣ್ಣು ವೇಷ ಕಟ್ಟುವ ಚೌಕಿಯ ಕಡೆಗೇ. ಬೆವರಿಗೆ ಬಣ್ಣ ಬಿಟ್ಟ ಚೌಕಳಿಯ ಕಸೆ ಸೀರೆ, ಎದೆಕಟ್ಟಿನ ಮಣಿ ಉದುರಿದಲ್ಲಿ ಬೇರೆ ಬಣ್ಣದ ಮಣಿ ಹೊಲಿದದ್ದು, ಬಬ್ರುವಾಹನನ ವೇಷಕ್ಕೆ ಕೇದಗೆ ಮುಂದಲೆ ಎಂಬ ತಲೆಯುಡುಗೆಯನ್ನು ಸುತ್ತು ಸುತ್ತಾಗಿ ಬಿಗಿಯುವಾಗ ಹುಡುಗನೊಬ್ಬನ ಹುಬ್ಬು ಮೇಲೇರಿ, ಬಿಗಿದಾದ ಮೇಲೆ ಅವನು ಬೇರೆಯೇ ಆಗಿಬಿಡುತ್ತಿದ್ದದ್ದು. ಇದನ್ನೆಲ್ಲ ಒಂದು ಉದ್ದ ಲೇಖನ ಮಾಡಿ ಒಂದು ವಾರಪತ್ರಿಕೆಗೆ ಕಳಿಸಿದೆ. ‘ಪ್ರಸಂಗದ ತಾತ್ವಿಕತೆ ಬರೆಯಿರಿ, ಬಟ್ಟೆಬರೆ ಬಿಡಿ’ ಎಂದು ಸಂಪಾದಕರ ಕಾರ್ಡು ಬಂತು. ನಾನು ಬಿಡಲಿಲ್ಲ. ಆಮೇಲೆ ಅರ್ಧ ಕತ್ತರಿಸಿ ಮಹಿಳಾ ಪುಟದಲ್ಲಿ, ಸಂಡಿಗೆ ಮಾಡುವ ವಿಧಾನದ ಪಕ್ಕ ಹಾಕಿದರು. ಸಂಡಿಗೆಯ ಮೇಲೆ ನನಗೆ ಸಿಟ್ಟಿಲ್ಲ, ಅದು ಚೆನ್ನಾಗೇ ಬರೆದದ್ದಿತ್ತು. ಆ ಸಂಪಾದಕರು ತೀರಿಕೊಂಡು ಕಾಲವಾಯಿತು. ಸಿಟ್ಟು ಮಾತ್ರ ಉಪ್ಪಿನಕಾಯಿಗಿಂತ ಗಟ್ಟಿ. ಗಂಡಸರು ಕ್ರಿಕೆಟ್ ಬ್ಯಾಟಿನ ಮರ, ಅದರ ತೂಕ, ಹಿಡಿಯ ರಬ್ಬರು ಎಂದು ಪುಟಗಟ್ಟಲೆ ಬರೆದರೆ ಅದು ಸಂಸ್ಕೃತಿ. ನೀನು ರವಿಕೆಯ ತೋಳಿನ ಬಗ್ಗೆ ಬರೆದರೆ ಶೋಕಿ.

ಇನ್ನು ಕೊಲ್ಹಾಪುರಿ ಚಪ್ಪಲಿಯ ಲೇಖನ. ಇದನ್ನು ಓದುವಾಗ ಪೆನ್ಸಿಲ್ ಮುರಿಯಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಗಂಡಸರ ಫ್ಯಾಷನ್ ಷೋದಲ್ಲಿ ನಮ್ಮ ಚಪ್ಪಲಿಯಂಥದ್ದನ್ನೇ ಹಾಕಿಸಿ ನಡೆಸಿತು, ‘ಚರ್ಮದ ಸ್ಯಾಂಡಲ್’ ಎಂದಷ್ಟೇ ಹೇಳಿತು, ಇಲ್ಲಿ ಗದ್ದಲವೆದ್ದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡಿತು. ಸರಿ. ನೀನು ಆ ಗದ್ದಲವನ್ನೇ ಎತ್ತಿ ಪುಟ ತುಂಬಿಸಿದ್ದೀಯ. ‘ಮಹಾರಾಷ್ಟ್ರದ ಪರಂಪರೆ’ ಎಂದು ಮತ್ತೆ ಮತ್ತೆ. 2019ರಲ್ಲಿ ಆ ಚಪ್ಪಲಿಗೆ ಜಿಐ, ಅಂದರೆ ಇಂಥ ಪ್ರದೇಶದ್ದೇ ಮಾಲು ಎಂಬ ಮಾನ್ಯತೆ ಸಿಕ್ಕಿದ್ದು ಎಂಟು ಜಿಲ್ಲೆಗಳಿಗೆ, ಅದರಲ್ಲಿ ನಾಲ್ಕು ಕರ್ನಾಟಕದವು: ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಈ ಚಪ್ಪಲಿ ಹೊಲಿಯುವ ಬೆಳಗಾವಿ ಜಿಲ್ಲೆಯ ಅಥಣಿಯ ಹೆಸರು ಕೇಳಿಲ್ಲವೇ? ಮಾಹಿತಿ ತಪ್ಪಿದ್ದು ಹಾಗಿರಲಿ, ತಿದ್ದಬಹುದು. ಆ ಸಿಟ್ಟು ನಿನ್ನದಲ್ಲ, ನನ್ನ ತಕರಾರು ಅದು. ಕೊಲ್ಹಾಪುರಿ ಹಾಕಿದ್ದೀಯಾ ಎಂದು ನಾನು ಫೋನಿನಲ್ಲಿ ಕೇಳಿದಾಗ ನಕ್ಕೆ: ‘ಅಯ್ಯೋ, ಹೊಸದು ಹೆಬ್ಬೆರಳು ಕಚ್ಚಿ ಗಾಯವಾಗಿ ಎಣ್ಣೆ ಸವರಿ ಸವರಿ ಮೆತ್ತಗಾಗುವವರೆಗೆ ಆಫೀಸಿಗೆ ಸಾಕ್ಸ್ ಹಾಕಿಕೊಂಡು ಹೋಗಿದ್ದೆ, ನಡೆದರೆ ಕಿರ್ ಕಿರ್ ಅಂತ ಲಿಫ್ಟಿನವರೆಲ್ಲ ತಿರುಗಿ ನೋಡ್ತಿದ್ರು.’ ಇಡೀ ಲೇಖನದಲ್ಲಿ ಈ ಹೆಬ್ಬೆರಳು ಎಲ್ಲಿದೆ? ಊರಿನ ಸಿಟ್ಟನ್ನು ಕಡ ತಂದು ನಿನ್ನ ಗಾಯವನ್ನು ಸಾಕ್ಸಿನೊಳಗೆ ಮುಚ್ಚಿಟ್ಟೆ. ಮೊದಲ ಲೇಖನಗಳಲ್ಲಿ ಕಡ ತಂದ ಪಶ್ಚಾತ್ತಾಪ, ಇಲ್ಲಿ ಕಡ ತಂದ ಸಿಟ್ಟು. ಎರಡರಲ್ಲೂ ನೀನಿಲ್ಲ.

ಪುಕ್ಕಟೆ ಬಂದ ಬೂಟಿನ ಲೇಖನಕ್ಕೂ ಇದೇ ಕಾಯಿಲೆ. ‘ಮೋಡದ ಮೇಲೆ ನಡೆದಂಥ ಅನುಭವ’ ಎಂಬುದು ಡಬ್ಬಿಯ ಮೇಲೆ ಅಚ್ಚಾದ ವಾಕ್ಯ ತಾನೆ? ಕಾಸು ತೆಗೆದುಕೊಂಡು ಅಥವಾ ಮಾಲು ತೆಗೆದುಕೊಂಡು ಹೊಗಳಿದರೆ ಅದನ್ನು ಹೇಳಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿದೆ, ನೀವೆಲ್ಲ ಒಂದು ಸಣ್ಣ ಚೀಟಿ ಅಂಟಿಸಿ ಪಾರಾಗುತ್ತೀರಿ. ನನಗೆ ಚೀಟಿಯ ಚಿಂತೆಯಿಲ್ಲ. ತೆಗೆದುಕೋ, ಹಾಕಿಕೋ, ಯಾರು ಬೇಡ ಅಂದರು? ಪುಕ್ಕಟೆ ಸಿಕ್ಕಿದ ಖುಷಿಯೂ ಒಂದು ಖುಷಿಯೇ, ಅದನ್ನೇ ಬರೆ. ಡಬ್ಬಿ ಬಿಚ್ಚುವಾಗ ರೂಮಿನ ಹುಡುಗಿಯರು ಹೇಗೆ ಸುತ್ತ ಸೇರಿದರು, ಯಾರ ಕಾಲಿಗೆ ಸರಿಹೋಯಿತು, ಯಾರು ಮುಖ ಊದಿಸಿಕೊಂಡರು. 300 ರೂಪಾಯಿಯ ಟಾಪ್ ಮುಂದೆ ಅಷ್ಟೆಲ್ಲ ಮಾತಾಡಿದ ನೀನು ಆ ದುಬಾರಿ ಬೂಟಿನ ಮುಂದೆ ಮೂಕಿಯಾದೆ.

ನಿನ್ನ ಆಫೀಸು ಲೋವರ್ ಪರೇಲ್‌ನಲ್ಲಿ ಇದೆ ಎಂದು ಪತ್ರದಲ್ಲಿದೆ, ಲೇಖನಗಳಲ್ಲಿಲ್ಲ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರು ಮುಂಬೈಯ ಬಟ್ಟೆ ಮಿಲ್ಲುಗಳ ಮುಷ್ಕರ ಹೂಡಿದಾಗ ಕೆಲಸ ನಿಲ್ಲಿಸಿದ 2 ಲಕ್ಷಕ್ಕೂ ಹೆಚ್ಚು ಜನರಲ್ಲಿ ಅನೇಕರು ಆ ಸುತ್ತಿನ ಚಾಳುಗಳವರು. ಫೀನಿಕ್ಸ್ ಮಿಲ್ಲಿದ್ದ ಜಾಗದಲ್ಲಿ ಈಗ ಮಾಲ್. ನೀನು ಸೇಲ್ ಶುರುವಾದರೆ ಊಟದ ಹೊತ್ತಿಗೆ ಓಡುವುದು ಅಲ್ಲಿಗೇ. ನನ್ನಮ್ಮನ ಟ್ರಂಕಿನಲ್ಲಿ ಸ್ನೋ ಡಬ್ಬಿಯ ಕೆಳಗಿದ್ದ ವಾಯಿಲ್ ಸೀರೆ ಮುಂಬೈ ಮಿಲ್ಲಿನದು. ನೋಡು, ನಾನೇ ಈಗ ನಿನ್ನ ಹೆಗಲಿಗೆ ಲೋಕದ ಭಾರ ಹೊರಿಸುತ್ತಿದ್ದೇನೆ ಎಂದು ನೀನು ಅನ್ನುತ್ತೀಯ. ಇಲ್ಲ. ಬಟ್ಟೆ ಅಂದರೆ ಆಸೆ ಇರುವವಳಿಗೆ ಬಟ್ಟೆ ನೇಯುತ್ತಿದ್ದ ಜಾಗದಲ್ಲಿ ಕೂತಿದ್ದೇನೆ ಎಂಬುದೇ ಒಂದು ರೋಮಾಂಚನ ಆಗಬೇಕು. ಇಳಕಲ್ ಸೀರೆಯ ಲೇಖನದಲ್ಲಿ ನೀನು ಸೆರಗಿನ ಕೆಂಪನ್ನು ಬಣ್ಣಿಸಿದ್ದೀಯ, ಚೆನ್ನಾಗಿದೆ. ಸೀರೆ ಮೈಯ ಉದ್ದುದ್ದ ಹಾಯುವ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಒಂದೊಂದಾಗಿ ಸಿಕ್ಕಿಸುತ್ತಾರಲ್ಲ, ಮಗುಚಿ ನೋಡಿದ್ದರೆ ಆ ಗೆರೆ ಬೆರಳಿಗೆ ಸಿಗುತ್ತಿತ್ತು. ಹಿಲ್ ರೋಡಿನಲ್ಲಿ ಮಗುಚಿ ನೋಡಿದೆ, ಇಲ್ಲಿ ಯಾಕೆ ನೋಡಲಿಲ್ಲ? ನಿನ್ನಮ್ಮನ ಸೀರೆ ಎಂಬ ಭಕ್ತಿಯೇ?

ದೊಡ್ಡಪ್ಪನಿಗೆ ಪುಸ್ತಕ ಅರ್ಪಿಸುವ ಯೋಚನೆ ಇದ್ದರೆ ಬಿಡು. ಗಂಭೀರವಾದದ್ದು ಬರೆಯುವ ಯೋಚನೆಯನ್ನೂ ಸದ್ಯಕ್ಕೆ ಬಿಡು. ಇಂಥ ಲೇಖನಗಳ ಕೊನೆಯ ಪ್ಯಾರಾ ಹೊಡೆದುಹಾಕಿ, ಚಪ್ಪಲಿಯದನ್ನು ಹೆಬ್ಬೆರಳಿನಿಂದ ಶುರುಮಾಡಿ, ಬೂಟಿನದನ್ನು ಒಲೆಗೆ ಹಾಕಿ ಹೊಸದಾಗಿ ಬರೆದು ಕಳಿಸು. ಕೊರಿಯರ್ ಬೇಡ, ಸ್ಪೀಡ್ ಪೋಸ್ಟ್ ಮಾಡು, ಪೋಸ್ಟ್‌ಮನ್ ಮನೆಗೇ ಬರುತ್ತಾನೆ. ಲಿಪ್‌ಸ್ಟಿಕ್ ಲೇಖನದ ಬಗ್ಗೆ ಏನೂ ಹೇಳಲಿಲ್ಲ ಎಂದು ಫೋನ್ ಮಾಡಬೇಡ. ಅದರಲ್ಲಿ ತಿದ್ದುವುದೇನೂ ಇಲ್ಲ.

ಮಂಗಲದಾಸ್ ಮಾರ್ಕೆಟ್ ಕಡೆ ಹೋದರೆ ನನಗೊಂದು ಬ್ಲೌಸ್ ಪೀಸ್ ತಾ. ನವಿಲಿನ ಕತ್ತಿನ ಬಣ್ಣ, ಟು ಬೈ ಟು ರುಬಿಯಾ ಹತ್ತಿ ಬಟ್ಟೆ, ಒಂದು ಮೀಟರ್. ನನಗೆ ತೋಳು ಮೊಣಕೈ ತನಕ ಬೇಕು. ಪಾಲಿಯೆಸ್ಟರ್ ಬೆರೆಸಿದ್ದು ತಂದರೆ ವಾಪಸು ಕಳಿಸುತ್ತೇನೆ. ಎಷ್ಟಾಯಿತೆಂದು ಸರಿಯಾಗಿ ಹೇಳು, ಉಡುಗೊರೆ ಗಿಡುಗೊರೆ ಬೇಡ. ಯಾವ ಮದುವೆಗೆ ಎಂದು ಕೇಳಬೇಡ, ಯಾವ ಮದುವೆಯೂ ಇಲ್ಲ.

ಇಂತಿ,
ನಿನ್ನ ಅಕ್ಕ