ಹದಿನಾಲ್ಕರಲ್ಲಿ ಒಂದು

ಪ್ರೀತಿಯ ಪುಟ್ಟಿ,

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಯಾವ ಪುಸ್ತಕ ಹಿಡಿಯಲಿ, ಯಾವ ವಿಡಿಯೊ ನೋಡಲಿ ಅಂತ ನೀನು ಕೇಳಿದ್ದೆ. ನೀನು ಕಳಿಸಿದ ಪಟ್ಟಿಯ ಹದಿನಾಲ್ಕನ್ನೂ ತೆರೆದು ನೋಡಿದೆ. ನಿನಗೆ ಒಂದು ಸಾಕು. ಉಳಿದ ಹದಿಮೂರನ್ನು ಸದ್ಯಕ್ಕೆ ಮರೆತುಬಿಡು.

ಮೊದಲು ವರ್ಷನ್ ನೋಡು. ನಾನು ಕಲಿಯುವಾಗ ಯಾರೋ ಕೊಟ್ಟ ಹಳೇ ಪುಸ್ತಕ ಹಿಡಿದಿದ್ದೆ. ಅದರಲ್ಲಿ ತೆರೆಯ ಮೇಲೆ ತೋರಿಸು ಅನ್ನುವ ‘ಪ್ರಿಂಟ್’ ಪದದ ಮುಂದೆ ಬ್ರಾಕೆಟ್ ಇರಲಿಲ್ಲ. ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿದರೂ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದ ರೀತಿಯೇ ತಪ್ಪು ಅನ್ನುವ ಸಂದೇಶ. ಇಡೀ ಸಂಜೆ ಒದ್ದಾಡಿದೆ. ಇದು ನನ್ನ ತಲೆಗೆ ಹತ್ತುವುದಿಲ್ಲ ಅಂತ ಅಳುವೇ ಬಂದಿತ್ತು. ಆಮೇಲೆ ಗೊತ್ತಾಯಿತು, ಪುಸ್ತಕ ಪೈಥಾನ್ 2ರದ್ದು, ಕಂಪ್ಯೂಟರಿನಲ್ಲಿದ್ದದ್ದು ಪೈಥಾನ್ 3. ಪೈಥಾನ್ 3 ಬಂದದ್ದು 2008ರಲ್ಲಿ. 2020ರ ಜನವರಿಯಿಂದ 2ಕ್ಕೆ ಬೆಂಬಲವೇ ಇಲ್ಲ. ಆದರೂ ಹಳೇ ಪಾಠಗಳು ಇನ್ನೂ ಓಡಾಡುತ್ತಿವೆ. ನಿನ್ನ ಪಟ್ಟಿಯಲ್ಲೇ ಎರಡಿದ್ದವು. ಎರರ್ ಬಂದರೆ ಪರವಾಗಿಲ್ಲ, ಗೊತ್ತಾಗುತ್ತದೆ. ಆದರೆ 7ನ್ನು 2ರಿಂದ ಭಾಗಿಸಿದರೆ ಪೈಥಾನ್ 2 ಸುಮ್ನೆ 3 ಅನ್ನುತ್ತಿತ್ತು, ನಿನ್ನ ಸಿ ಭಾಷೆಯ ಹಾಗೆ. ಪೈಥಾನ್ 3ರಲ್ಲಿ 3.5 ಬರುತ್ತದೆ. ಎರರ್ ಬಾರದ ಇಂಥವು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು, ಪಾಠ ಯಾರಿಗಾಗಿ ಬರೆದದ್ದು ಅಂತ ನೋಡಬೇಕು. ನಿನ್ನ ಪಟ್ಟಿಯ ಅರ್ಧದಷ್ಟು ಪ್ರೋಗ್ರಾಮಿಂಗೇ ಗೊತ್ತಿಲ್ಲದವರಿಗೆ. ನೀನು ಸಿ ಕಲಿತವಳು. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಅಂದರೇನು ಅಂತ ಮತ್ತೆ ಗಂಟೆಗಟ್ಟಲೆ ಕೇಳಿದರೆ ಬೇಜಾರಾಗಿ ಬಿಟ್ಟುಬಿಡುತ್ತೀಯ. ಸಿಯಲ್ಲಿ ನೀನು ನೋಡದೇ ಇರುವುದು ಬೇಕು ನಿನಗೆ: ಲಿಸ್ಟ್ (ಹಲವು ಮೌಲ್ಯಗಳನ್ನು ಸಾಲಾಗಿ ಇಡುವುದು), ಡಿಕ್ಷನರಿ (ಒಂದೊಂದು ಹೆಸರಿಗೂ ಒಂದು ಮೌಲ್ಯ ಜೋಡಿಸಿ ಇಡುವುದು), ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥ ಇರುವುದು. ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್ ಬೇರೆ ಭಾಷೆ ಬಲ್ಲವರಿಗೆಂದೇ ಬರೆದದ್ದು. ದುಡ್ಡೂ ಕೊಡಬೇಕಿಲ್ಲ. ನಿನಗೆ ಅದೇ ಸರಿ. ಮೂರನೇ ಅಧ್ಯಾಯದಿಂದ ಐದರವರೆಗೆ ನಿಧಾನವಾಗಿ ಓದು. ಒಂದೊಂದು ಸಾಲನ್ನೂ ನೀನೇ ಟೈಪ್ ಮಾಡು, ಕಾಪಿ ಮಾಡಬೇಡ. ವಿಡಿಯೊ ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ, ಖಾಲಿ ಫೈಲ್ ತೆರೆದರೆ ಕೈ ಓಡುವುದಿಲ್ಲ, ಅಲ್ವಾ?

ಆ ಟ್ಯುಟೋರಿಯಲ್‌ನಲ್ಲಿ ಒಂದು ಕೊರತೆ ಇದೆ. ಅಭ್ಯಾಸಕ್ಕೆ ಲೆಕ್ಕಗಳಿಲ್ಲ. ಅದಕ್ಕೆ ನಿನ್ನ ಹಳೇ ಸಿ ಪ್ರೋಗ್ರಾಮುಗಳನ್ನೇ ಪೈಥಾನ್‌ನಲ್ಲಿ ಮತ್ತೆ ಬರೆ. ಒಂದು ವಾಕ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸುವುದು ಬರೆದಿದ್ದೆಯಲ್ಲ, ಎರಡು ದಿನ ಕೂತು? ಅದನ್ನೇ ಮೊದಲು ಹಿಡಿ. ಡಿಕ್ಷನರಿ ಬಳಸಿದರೆ ಎಷ್ಟು ಸಾಲಿಗೆ ಇಳಿಯುತ್ತದೆ ನೋಡು. ಬರೆದದ್ದನ್ನು ನನಗೆ ಕಳಿಸು, ತಪ್ಪಿದ್ದರೂ ಸರಿ.

ನಿನ್ನ
ಅಮ್ಮ