ಪುಟ್ಟಿ ಮನೆಗೆ ಬಂದಳು: ಊರಿನವರಿಗೆಲ್ಲ ನಮ್ಮ ವಂದನೆ

ಹೋದ ವಾರ ಜಿಲ್ಲಾಧಿಕಾರಿಗಳ ಸಹಿಯಾದ ದತ್ತು ಆದೇಶ ಕೈಸೇರಿತು. ಪುಟ್ಟಿ ಈಗ ಕಾನೂನಿನ ಲೆಕ್ಕದಲ್ಲೂ ನಮ್ಮ ಮಗಳು. ಸೋಮವಾರಪೇಟೆಯ ಈ ಮೂಲೆಯ ಊರಿನಲ್ಲಿ ನಮ್ಮಷ್ಟೇ ಕಾತರದಿಂದ ಕಾದವರು ಬಹಳ ಜನ. ಒಬ್ಬೊಬ್ಬರ ಮನೆಗೂ ಬಂದು ಹೇಳಬೇಕೆಂಬ ಆಸೆ, ಆದರೆ ಮಗು ಅಷ್ಟು ಪುರುಸೊತ್ತು ಕೊಡುತ್ತಿಲ್ಲ.

ಮೊದಲ ವಂದನೆ ನನ್ನ ದೊಡ್ಡ ಮಗಳಿಗೆ ಮತ್ತು ಮಗನಿಗೆ. ಅವರಿಬ್ಬರೂ ದತ್ತು ಬಂದವರೇ. ಅವರ ಆದೇಶ ಕೋರ್ಟಿನಿಂದ ಬಂದಿತ್ತು, 2022ರ ಸೆಪ್ಟೆಂಬರಿನಿಂದ ಅದು ಜಿಲ್ಲಾಧಿಕಾರಿಗಳ ಕೈಗೆ ಬಂದಿದೆ. ಮನೆಯಲ್ಲಿ 5 ವರ್ಷ ದಾಟಿದ ಮಕ್ಕಳಿದ್ದರೆ ಅವರ ಒಪ್ಪಿಗೆಯನ್ನೂ ಕೇಳುತ್ತಾರೆ. ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ತಾನೇ ಬರೆದಳು: "ಮಗು ರಾತ್ರಿಯೆಲ್ಲ ಅತ್ತರೂ ನನಗೆ ಬೇಜಾರಿಲ್ಲ. ಹೊಸ ಜಾಗ ಅಂದ್ರೆ ಅಳು ಬಂದೇ ಬರುತ್ತೆ." ಮನೆ ನೋಡಲು ಬಂದಿದ್ದ ಸಮಾಜ ಕಾರ್ಯಕರ್ತೆ ಅದನ್ನು ಎರಡು ಸಲ ಓದಿ ಫೈಲಿನಲ್ಲಿ ಇಟ್ಟುಕೊಂಡರು. ಅವರಿಗೂ ನಮ್ಮ ನಮಸ್ಕಾರ.

ಮಗ ನಮ್ಮಲ್ಲಿಗೆ ಬಂದಾಗ ಮೂರು ವರ್ಷದವನು, ಕತ್ತಲೆಂದರೆ ನಡುಗುತ್ತಿದ್ದ. ಈ ಸಲ ಜುಲೈ ಮಳೆಗೆ ಕರೆಂಟು ಹೋಗಿ ದಿನಗಟ್ಟಲೆ ಬರಲಿಲ್ಲವಲ್ಲ, ಆಗ ಅವನು ಯಾರೂ ಹೇಳದೆಯೇ ಟಾರ್ಚನ್ನು ಗೋಡೆಗೆ ತಿರುಗಿಸಿ ತೊಟ್ಟಿಲ ಹತ್ತಿರ ಇಟ್ಟು ಮಲಗುತ್ತಿದ್ದ. ಬೆಳಕು ಅವಳ ಕಣ್ಣಿಗೆ ಚುಚ್ಚಬಾರದು, ಎಚ್ಚರವಾದರೆ ಕೋಣೆ ಮಾತ್ರ ಕಾಣಬೇಕು. ನಮಗೆ ಹೊಳೆಯದೇ ಇದ್ದದ್ದು ಅವನಿಗೆ ಗೊತ್ತಿತ್ತು.

ಇಬ್ಬರು ಮಕ್ಕಳಿರುವ ದಂಪತಿಗೆ 2022ರ ದತ್ತು ನಿಯಮದಂತೆ ವಿಶೇಷ ಅಗತ್ಯವಿರುವ ಮಕ್ಕಳನ್ನೋ, ಬೇಗ ಮನೆ ಸಿಗದ ಮಕ್ಕಳನ್ನೋ ಮಾತ್ರ ಕೊಡುತ್ತಾರೆ, ಸಂಬಂಧಿಕರ ಮಕ್ಕಳ ಮಾತು ಬೇರೆ. ಪುಟ್ಟಿಯ ಎರಡೂ ಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿದ್ದವು. ಮೈಸೂರಿನ ಮೂಳೆ ಡಾಕ್ಟರು ಪೊನ್ಸೆಟಿ ಎಂಬ ವಿಧಾನದಲ್ಲಿ ವಾರವಾರವೂ ಪಾದವನ್ನು ಚೂರುಚೂರೇ ಹೊರಕ್ಕೆ ತಿರುಗಿಸಿ ಹೊಸ ಪ್ಲಾಸ್ಟರ್ ಹಾಕಿದರು. ಆ ಸುರಿಮಳೆಯಲ್ಲಿ, ಇನ್ನೂ ಬೆಳಕು ಹರಿಯುವ ಮುಂಚೆ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ನಮ್ಮನ್ನು ಕರೆದೊಯ್ದ ಜೀಪಿನ ಅಣ್ಣನಿಗೆ ಏನು ಹೇಳಲಿ? ಆಸ್ಪತ್ರೆಯ ಮುಂದೆ ಸಂಜೆವರೆಗೆ ಕಾದದ್ದಕ್ಕೆ ಒಂದು ರೂಪಾಯಿಯನ್ನೂ ಅವರು ಮುಟ್ಟಲಿಲ್ಲ.

ಪ್ಲಾಸ್ಟರ್ ಒದ್ದೆಯಾಗಬಾರದು, ಹಾಗಾಗಿ ಮಗುವಿಗೆ ಸ್ನಾನವಿಲ್ಲ. ಪಕ್ಕದ ಮನೆಯ ಅಜ್ಜಿಗೆ ಅದೇ ದೊಡ್ಡ ಸಂಕಟ. ದಿನಾ ಬೆಳಿಗ್ಗೆ ಬಂದು ಬಿಸಿನೀರಿನಲ್ಲಿ ಬಟ್ಟೆ ಹಿಂಡಿ, ಕತ್ತಿನ ಮಡಿಕೆ, ಕಂಕುಳು, ಬೆರಳ ಸಂದಿ ಎಲ್ಲ ಒರೆಸುವರು. ಕೊನೆಯ ಪ್ಲಾಸ್ಟರ್ ಬಿಚ್ಚಿದಾಗ ಕಾಲಿನ ಚರ್ಮ ಸಿಪ್ಪೆಸಿಪ್ಪೆಯಾಗಿ ಎದ್ದಿತ್ತು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ, ಹಂಡೆ ಕಾಯಿಸಿ, ಕಾಲು ನೀಡಿ ಕುಳಿತು ಮಗುವನ್ನು ಮಲಗಿಸಿಕೊಂಡು ಎರೆದರು. ಅವತ್ತು ನಾನು ಅತ್ತದ್ದು ಅಜ್ಜಿಯೊಬ್ಬರಿಗೇ ಗೊತ್ತು. ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಕಳಿಸಿದ ಮನೆಗಳಿಗೂ, ನಾವು ಮೈಸೂರಿನಲ್ಲಿದ್ದಾಗ ದೊಡ್ಡ ಮಕ್ಕಳಿಬ್ಬರಿಗೂ ಊಟ ಹಾಕಿ ಹೋಂವರ್ಕ್ ಮಾಡಿಸಿದ ಅಂಗನವಾಡಿ ಟೀಚರಿಗೂ ಋಣಿ.

ದತ್ತು ಕೇಂದ್ರದ ಆಯಾಗಳಿಗೆ ವಿಶೇಷ ವಂದನೆ. ಹೊರಡುವಾಗ ಪುಟ್ಟಿ ಮಲಗುತ್ತಿದ್ದ ಹಳೆಯ ಸೀರೆಯ ತುಂಡನ್ನು ತೊಳೆಯದೆಯೇ ಕೊಟ್ಟು, "ಈ ವಾಸನೆ ಇದ್ರೆ ನಿದ್ದೆ ಮಾಡ್ತಾಳೆ" ಎಂದಿದ್ದರು. ಹಾಗೇ ಆಯಿತು.

ಒಂದೇ ಕೋರಿಕೆ. ಮಗು ಎಲ್ಲಿಯದು, ಹೆತ್ತವರು ಯಾರು ಎಂದು ಮಕ್ಕಳ ಎದುರು ಕೇಳಬೇಡಿ. ಆ ಕಥೆ ಅವರವರದು. ಹೇಳಬೇಕೆನಿಸಿದರೆ ಅವರೇ ಹೇಳುತ್ತಾರೆ.

ಕಾವೇರಿ ಸಂಕ್ರಮಣ ಕಳೆದು ಬರುವ ಭಾನುವಾರ ನಾಮಕರಣ. ಅಲ್ಲಿಯವರೆಗೆ ಕಾಯಬೇಕಿಲ್ಲ. ಪಾದ ಮತ್ತೆ ಒಳಕ್ಕೆ ತಿರುಗದಿರಲೆಂದು ಪುಟ್ಟಿಗೆ ನಡುವೆ ಕಂಬಿಯಿರುವ ಬೂಟನ್ನು ಮೊದಲ 3 ತಿಂಗಳು ದಿನಕ್ಕೆ 23 ಗಂಟೆ ಹಾಕಿರಬೇಕು, ಆಮೇಲೆ ನಾಲ್ಕೈದು ವರ್ಷದವರೆಗೆ ರಾತ್ರಿ ಮಲಗುವಾಗ. ಸಂಜೆ 5ಕ್ಕೆ ಒಂದು ಗಂಟೆ ಬಿಚ್ಚುತ್ತೇವೆ. ಆಗ ಅವಳು ಕಾಲು ಬಡಿಯುವುದನ್ನು ನೋಡಬೇಕು ನೀವು. ಆ ಹೊತ್ತಿಗೇ ಬನ್ನಿ, ಕಾಫಿ ಕುಡಿದು ಹೋಗುವಿರಂತೆ.