ಬಸ್ಸಿನಲ್ಲಿ ಒಂಟಿ ಚೀಲ ಏಕೆ?

ಸಂಪಾದಕರಿಗೆ,

ಮಾನ್ಯರೇ,

ದೇಶದಲ್ಲಿ ಎಲ್ಲಾದರೂ ಸ್ಫೋಟವಾದರೆ ನಮ್ಮ ಜಿಲ್ಲೆಯ ಬಸ್ ನಿಲ್ದಾಣಗಳಿಗೂ ಶ್ವಾನದಳ ಬರುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಎಂಟು ದಿನ ಕಳೆದರೆ ಶಿರಸಿಯಲ್ಲಿ ಹತ್ತಿಸಿದ ಜೋನಿಬೆಲ್ಲದ ಡಬ್ಬಿ ಎಂದಿನಂತೆ ಒಂಟಿಯಾಗಿಯೇ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುತ್ತದೆ. 'ನಮ್ಮ ಹುಡುಗ ಸ್ಟ್ಯಾಂಡಿಗೆ ಬಂದು ತಗೊಳ್ತಾನೆ' ಎಂದರೆ ಮುಗಿಯಿತು. ಅಪ್ಪೆಮಿಡಿ ಕಾಲದಲ್ಲಂತೂ ಡ್ರೈವರ್ ಪಕ್ಕದ ಜಾಗವೆಲ್ಲ ಚೀಲಗಳದ್ದೇ. ಹಳ್ಳಿಗರಿಗೆ ಇದು ದೊಡ್ಡ ಉಪಕಾರ, ಅಲ್ಲಗಳೆಯುವುದಿಲ್ಲ.

ಆದರೆ ದಾಳಿಗಳು ನಡೆದ ರೀತಿ ನೋಡಿ. 2006ರ ಜುಲೈ 11ರಂದು ಮುಂಬೈ ಲೋಕಲ್ ರೈಲುಗಳಲ್ಲಿ ಹನ್ನೊಂದು ನಿಮಿಷಗಳಲ್ಲಿ ಏಳು ಬಾಂಬು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. 2004ರ ಮಾರ್ಚ್ 11ರಂದು ಮ್ಯಾಡ್ರಿಡ್ ರೈಲುಗಳಲ್ಲಿ 190ಕ್ಕೂ ಹೆಚ್ಚು ಜನ. ಎರಡೂ ಕಡೆ ಬಾಂಬು ಇದ್ದದ್ದು ಯಾರೋ ಇಟ್ಟು ಇಳಿದುಹೋದ ಚೀಲಗಳಲ್ಲಿ. 2022ರ ನವೆಂಬರ್ 19ರಂದು ಮಂಗಳೂರಿನ ಆಟೊದಲ್ಲಿ ಕುಕ್ಕರ್ ಬಾಂಬು ಸಿಡಿದಾಗ ಏನೂ ಅರಿಯದ ಚಾಲಕರೂ ಸುಟ್ಟುಕೊಂಡರು. ಮಂಗಳೂರು ನಮಗೆ ಪರ ಊರೇ? ದೊಡ್ಡ ಕಾಯಿಲೆ ಬಂದರೆ ನಾವು ಓಡುವುದೇ ಅಲ್ಲಿಗೆ.

ಕಾರವಾರದ ಕದಂಬ ನೌಕಾನೆಲೆ, ಕೈಗಾ ಅಣುಸ್ಥಾವರಗಳ ಗೇಟಿನಲ್ಲಿ ಬಿಗಿ ತಪಾಸಣೆಯಿದೆ. ಅದೇ ಊರುಗಳ ಜನ ಕೂರುವ ಬಸ್ಸಿಗೆ ಯಾವ ಗೇಟೂ ಇಲ್ಲ. ಹಾಗೆಂದು ಲೋಹಶೋಧಕ ಯಂತ್ರ ಕೇಳುತ್ತಿಲ್ಲ. ನಾಲ್ಕೂ ಕಡೆ ತೆರೆದ ನಿಲ್ದಾಣದಲ್ಲಿ ಅದು ಪ್ರದರ್ಶನದ ವಸ್ತು. ಯಾರ ಚೀಲ ಯಾವುದು ಎಂದು ನೋಡಬಲ್ಲವರು ಕಂಡಕ್ಟರ್. ಎಷ್ಟೋ ಬಸ್ಸುಗಳಲ್ಲಿ ಈಗ ಟಿಕೆಟ್ ಹರಿಯುವುದೂ ಡ್ರೈವರೇ. ಅವರು ರಸ್ತೆ ನೋಡಬೇಕೋ, ಚೀಲ ನೋಡಬೇಕೋ?

ಒಡೆಯರು ಜೊತೆಗಿಲ್ಲದ ಸಾಮಾನು ಕೌಂಟರಿನಲ್ಲಿ ಹೆಸರು, ಫೋನ್ ನಂಬರ್ ಬರೆಸಿ, ರಸೀದಿ ಪಡೆದೇ ಹೋಗಲಿ. ಸರ್ಕಾರಿ ಬಸ್ಸುಗಳಲ್ಲಿ 2021ರಿಂದ 'ನಮ್ಮ ಕಾರ್ಗೋ' ಎಂಬ ಪಾರ್ಸೆಲ್ ಸೇವೆಯಿದೆ. ಸಣ್ಣ ನಿಲುಗಡೆಯ ರೈತನಿಗೂ ಅದು ಎಟುಕುವಂತಾದರೆ ಬೆಲ್ಲದ ಡಬ್ಬಿಗೂ ತೊಂದರೆಯಿಲ್ಲ.

ಇನ್ನೊಂದು ಮಾತು. ನೋಡಬೇಕಾದದ್ದು ಚೀಲವನ್ನು, ಹೊತ್ತವರ ಗಡ್ಡ, ಟೋಪಿ, ಊರುಗಳನ್ನಲ್ಲ. ಭಟ್ಕಳದವರು ಎಂದರೆ ಸಾಕು, ಹುಬ್ಬೇರಿಸುವವರಿದ್ದಾರೆ. ಮುಂಬೈ ರೈಲು ಸ್ಫೋಟದಲ್ಲಿ ಶಿಕ್ಷೆಯಾಗಿದ್ದ ಹನ್ನೆರಡೂ ಜನರನ್ನು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ಖುಲಾಸೆ ಮಾಡಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಹತ್ತೊಂಬತ್ತು ವರ್ಷವಾದರೂ ಸತ್ತವರ ಮನೆಯವರಿಗೆ ಉತ್ತರ ಸಿಕ್ಕಿರಲಿಲ್ಲ.

ನಿಲ್ದಾಣದ ಮೈಕು ಬಸ್ಸಿನ ಹೆಸರಿನ ಜೊತೆಗೆ 'ಒಂಟಿ ಚೀಲ ಕಂಡರೆ ಮುಟ್ಟಬೇಡಿ, 112ಕ್ಕೆ ತಿಳಿಸಿ' ಎಂದೂ ಹೇಳಲಿ. ರೈಲಿನಲ್ಲಾದರೆ 139. ಮತ್ತು ಚೀಲ ಒಲ್ಲೆ ಎಂದ ಕಂಡಕ್ಟರ್ ವಿರುದ್ಧ ಯಾರೋ ಪ್ರಭಾವಿಗಳು ಡಿಪೊಗೆ ಫೋನ್ ಮಾಡಿದಾಗ, ಮೇಲಧಿಕಾರಿಗಳು ಕಂಡಕ್ಟರ್ ಪರವಾಗಿ ನಿಲ್ಲಬೇಕು. ಆ ಭರವಸೆ ಲಿಖಿತ ಸುತ್ತೋಲೆಯಲ್ಲೇ ಬರಲಿ.

– ನಿತ್ಯ ಪ್ರಯಾಣಿಕ, ಕುಮಟಾ